ಕಿವಿ ಬಂಡೆಪ್ಪ ಎತ್ತಿದ ಕೈ

ಜಹೀರಾಬಾದಿನಲ್ಲಿ ಬೊಂಬಾಯಿ ರಸ್ತೆಯ ಮಗ್ಗುಲಿಗೆ ಬಂಡೆಪ್ಪನ ತಗಡಿನ ಶೆಡ್ಡು ಇತ್ತು. ಹೆಸರಿನ ಬೋರ್ಡು ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ನಾರಾಯಣಖೇಡದ ಜೀಪಿನವರು, ತಾಂಡೂರಿನಿಂದ ಕಲ್ಲು ಹೇರಿಕೊಂಡು ಬರುವ ಲಾರಿಯವರು, ಎಲ್ಲರೂ "ಕಿವಿ ಬಂಡೆಪ್ಪನ ಕಡೆ ನಡೀರಿ" ಎನ್ನುತ್ತಿದ್ದರು. ಬೇರೆ ಮೇಸ್ತ್ರಿಗಳು ಎಂಜಿನ್ ಬಿಚ್ಚಿ ರೋಗ ಹುಡುಕಿದರೆ, ಇವನು ತಿರುಪು ಬಿಚ್ಚುವ ಉದ್ದನೆಯ ಪೇಚ್‌ಕಸ್ಸಿನ ತುದಿಯನ್ನು ಎಂಜಿನ್ನಿಗೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚುತ್ತಿದ್ದ. ಕಣ್ಣು ತೆರೆಯುವಷ್ಟರಲ್ಲಿ ರೋಗದ ಹೆಸರು ನಾಲಿಗೆಯ ಮೇಲಿರುತ್ತಿತ್ತು.

ಬೀದರ ಆ ಕಡೆ, ಜಹೀರಾಬಾದ ಈ ಕಡೆ ಎಂದು ಸರಕಾರ ಗೆರೆ ಎಳೆದ ಕಾಲಕ್ಕೆ ಅವನು ಹೈದರಾಬಾದಿಗೆ ಹೋಗಿ ಒಬ್ಬ ಉಸ್ತಾದನ ಕೈಕೆಳಗೆ ಕೆಲಸ ಕಲಿತಿದ್ದ. "ಆಂಖ್ ಧೋಕಾ ದೇತೀ ಬಂಡೂ, ಕಾನ್ ನೈ ದೇತಾ" ಎಂದು ಉಸ್ತಾದ ಹೇಳಿಕೊಟ್ಟಿದ್ದ. ಕಣ್ಣು ಮೋಸ ಮಾಡುತ್ತದೆ, ಕಿವಿ ಮಾಡುವುದಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ನಮ್ಮಲ್ಲೂ ಇದೆ. ಬಂಡೆಪ್ಪ ಪ್ರಮಾಣಿಸುವ ಕೆಲಸವನ್ನು ಪೂರ್ತಿ ಕಿವಿಗೇ ಒಪ್ಪಿಸಿ ಕೂತ. ಹಾಗೆ ಒಂದರ ಮೇಲೇ ಭಾರ ಹಾಕಬಾರದಿತ್ತು, ಪಾಪ.

ಶೆಡ್ಡಿಗೊಂದು ಕಟ್ಟಳೆ ಇತ್ತು. ಅವನು ಎಡಗೈ ಎತ್ತಿದರೆ ಯಾರೂ ತುಟಿ ಬಿಚ್ಚಬಾರದು. ಪಕ್ಕದ ಚಹಾದಂಗಡಿಯ ಮಾಳಿಂಗಪ್ಪ ರೇಡಿಯೊ ಬಂದ್ ಮಾಡುತ್ತಿದ್ದ. ಬೀಡಿ ಸೇದುವವರು ಕೆಮ್ಮು ನುಂಗುತ್ತಿದ್ದರು. ಆ ಮಂದಿ ಗುಡಿಯಲ್ಲಿ ಕೂಡ ಅಷ್ಟು ಸುಮ್ಮನೆ ಕೂತವರಲ್ಲ. ಕೈ ಇಳಿಯುವ ತನಕ ಆ ಮೌನ ಬಂಡೆಪ್ಪನದು. ಊರು ಅವನಿಗೆ ಕೊಟ್ಟ ಮರ್ಯಾದೆಯೆಂದರೆ ಅದೊಂದೇ, ಅವನಿಗೆ ಅಷ್ಟೇ ಸಾಕಾಗಿತ್ತು.

ಕಿವಿಗೆ ಹೆಸರು ತಂದ ಎಂಜಿನ್ನುಗಳೇ ಕಿವಿಯನ್ನು ತಿಂದವು. ಮೊದಲು ಹೋದದ್ದು ಹೆಂಡತಿ ಸುಗಲಾಬಾಯಿಯ ಬಳೆಯ ಸದ್ದು. ಆಮೇಲೆ ತಗಡಿನ ಮೇಲಿನ ಗುಬ್ಬಿಗಳು. ಬಂಡೆಪ್ಪ ಯಾರಿಗೂ ಹೇಳಲಿಲ್ಲ. ಕಿವಿ ಹೋದ ಕಿವಿ ಬಂಡೆಪ್ಪನನ್ನು ಯಾರು ಕೇಳುತ್ತಾರೆ? ಗಾಡಿ ತಂದವರಿಂದಲೇ "ಹೆಂಗ ಅಂತದ, ನೀನೇ ಹೇಳು ನೋಡಮು" ಎಂದು ಬಾಯಿ ಬಿಡಿಸುವುದನ್ನು ಕಲಿತ. ಮಾತಾಡುವವರ ತುಟಿ ನೋಡುವುದನ್ನು ಕಲಿತ. ಗುಟ್ಟು ರಟ್ಟಾಗಿಲ್ಲ ಎಂಬ ಧೈರ್ಯ ಅವನಿಗಿತ್ತು. ಅದಕ್ಕಿಂತ ಹೆಚ್ಚಾಗಿ, ಈಚೆಗೆ ತಾನು ಕೈ ಎತ್ತಿದಾಗ ಜನ ಮೊದಲಿಗಿಂತಲೂ ಸುಮ್ಮನಿರುತ್ತಾರೆ ಎಂದು ಒಳಗೊಳಗೇ ಬೀಗುತ್ತಿದ್ದ.

ಒಂದು ದಿನ ತುಳಸಿರಾಮ ಬಂದ. ನಾರಾಯಣಖೇಡಕ್ಕೂ ತಾಂಡೂರಿಗೂ ಬಾಡಿಗೆಗೆ ಹಳೆಯ ಡೀಸೆಲ್ ಅಂಬಾಸಿಡರ್ ಓಡಿಸುವವನು, ಬಂಡೆಪ್ಪನ ಹಳೆಯ ಗಿರಾಕಿ.

"ಅಣ್ಣಾ, ಮುಂಜಾನೆ ಸುರು ಮಾಡಿದ್ರ ಮುಂದಿನ ಕಡೆ ಖರಖರ ಅಂತದ. ಸರಪಳಿ ಎಳದಂಗ."

"ಟೈಮಿಂಗ್ ಚೈನ್ ಸಡ್ಲ ಆಗ್ಯಾದ ತಮ್ಮಾ. ಅದನ್ನ ಬಿಗಿ ಹಿಡಿಯೋ ಟೆನ್ಷನರ್ ಸವದದ" ಎಂದ ಬಂಡೆಪ್ಪ. ಪೇಚ್‌ಕಸ್ ಕಿವಿಗಿಟ್ಟು ಕೇಳಿದಂತೆ ಮಾಡಿದ್ದನಾದರೂ ರೋಗ ಹೇಳಿದ್ದು ತುಳಸಿರಾಮನ ಮಾತಿನಿಂದ.

ಹೈದರಾಬಾದಿನಿಂದ ಹೊಸ ಟೆನ್ಷನರ್ ಬಂತು. ಬಂಡೆಪ್ಪ ರೇಡಿಯೇಟರ್ ಇಳಿಸಿ, ಪುಲ್ಲಿ ಎಳೆದು, ಚೈನಿನ ಮುಚ್ಚಳ ಬಿಚ್ಚಿದ. ಅವನು ಹೇಳಿದ ರೋಗ ಸರಿಯಾಗಿಯೇ ಇತ್ತು. ಹಳೆಯದರ ರಬ್ಬರನ್ನು ಚೈನು ಕೊರೆದು ಹಾಕಿತ್ತು. ಹೊಸದನ್ನು ಕೂರಿಸಿದ. ಅದರ ಸ್ಪ್ರಿಂಗು ಒಳಗೆ ಅದುಮಿಕೊಂಡಿರುತ್ತದೆ. ಅದರ ತೂತಿಗೆ ಸಣ್ಣ ಚಾವಿ ಹಾಕಿ ತಿರುಗಿಸಿದರೆ ಬಿಚ್ಚಿಕೊಂಡು ತುದಿ ಮುಂದೆ ಹಾರುತ್ತದೆ, ಚೈನಿಗೆ ತಾಗಿ ಟಕ್ ಎನ್ನುತ್ತದೆ. ಆ ಟಕ್ಕಿಗಾಗಿ ಕಣ್ಣು ಮುಚ್ಚುವುದು ಉಸ್ತಾದನ ಪದ್ಧತಿ. ಬಂಡೆಪ್ಪ ಕಣ್ಣು ಮುಚ್ಚಿ ಚಾವಿ ತಿರುಗಿಸಿದ. ಟಕ್ ಅಂದಿತು. ಅಂದದ್ದು ಟೆನ್ಷನರ್ ಅಲ್ಲ, ಅವನ ಅಭ್ಯಾಸ. ತುದಿ ಒಳಗೇ ಸಿಕ್ಕಿಕೊಂಡಿತ್ತು, ಕಣ್ಣು ತೆರೆದು ಒಮ್ಮೆ ನೋಡಿದ್ದರೆ ಸಾಕಿತ್ತು. ಅವನು ನೋಡದೆ ಮುಚ್ಚಳ ಹಾಕಿದ.

ಎಲ್ಲ ಜೋಡಿಸಿದ ಮೇಲೆ ತುಳಸಿರಾಮ ಗಾಡಿ ಸುರು ಮಾಡಿ ಕೆಳಗಿಳಿದ. ಅಷ್ಟರಲ್ಲಿ ಸುಗಲಾಬಾಯಿ ರೊಟ್ಟಿ ಗಂಟು ಹಿಡಿದು ಬಂದಿದ್ದಳು. ಬಂಡೆಪ್ಪ ಪೇಚ್‌ಕಸ್ ಕಿವಿಗೆ ಒತ್ತಿ, ಎಡಗೈ ಎತ್ತಿ, ಕಣ್ಣು ಮುಚ್ಚಿದ. ಖರಖರ ಇಲ್ಲ. ಕೆಳಗೆಲ್ಲೋ ಒಂದು ದಪ್ಪ ಗುಡುಗುಡು, ಉಳಿದಂತೆ ಊರಿಗೆ ಊರೇ ಉಸಿರು ಬಿಗಿ ಹಿಡಿದಿದೆ. ಎಷ್ಟೋ ದಿನಗಳ ಮೇಲೆ ಅವನ ಎದೆ ಹಗುರಾಯಿತು.

ಆಗ ಹಾಲು ಸೀದ ವಾಸನೆ ಬಂತು. ಕೈ ಇಳಿಸುವ ಮೊದಲೇ ಕಣ್ಣು ತೆರೆದ.

ಮಾಳಿಂಗಪ್ಪ ಒಲೆಯ ಮೇಲಿನ ಹಾಲು ಮರೆತು ಯಾರ ಜೊತೆಗೋ ಕೈ ಬೀಸಿ ಜಗಳಾಡುತ್ತಿದ್ದ, ಅವನ ಬಾಯಿ ಅಗಲ ತೆರೆದಿತ್ತು. ರೇಡಿಯೊದ ದೀಪ ಉರಿಯುತ್ತಿತ್ತು, ಅದರ ಮುಂದೆ ಕೂತವನೊಬ್ಬ ಬೆಂಚಿನ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದ. ಬೀಡಿಯವರು ತೊಡೆ ತಟ್ಟಿ ನಗುತ್ತಿದ್ದರು. ತುಳಸಿರಾಮ ಎಂಜಿನ್ ಕಡೆ ತೋರಿಸಿ ಸುಗಲಾಬಾಯಿಗೆ ಏನೋ ಹೇಳುತ್ತಿದ್ದ, ಅವಳು ಬಾಯಿಗೆ ಸೆರಗು ಹಚ್ಚಿಕೊಂಡಿದ್ದಳು. ಎತ್ತಿದ ಕೈಯನ್ನು ಯಾರೂ ನೋಡುತ್ತಿರಲಿಲ್ಲ.

ಬಂಡೆಪ್ಪ ಕೈ ಇಳಿಸಿದ. "ಅವಾಜ ಇನ್ನಾ ಅದ ಏನು?"

ತುಳಸಿರಾಮ ಓಡಿ ಬಂದು ಅವನ ಕಿವಿಗೆ ಬಾಯಿಟ್ಟು ಕೂಗಿದ. "ಇಲ್ಲಣ್ಣಾ! ಭಾಳ ಚಲೋ ಆಗ್ಯಾದ!"

ಅವಾಜ ಇಲ್ಲವೆಂದು ಹೇಳಲು ಗಂಟಲು ಹರಿಯುವಂತೆ ಕೂಗಬೇಕಾಯಿತೆ? ಬಂಡೆಪ್ಪ ಅವನ ಮುಖವನ್ನೇ ನೋಡಿದ. "ಎಂದಿಂದ ಗೊತ್ತದ?"

ಸುಗಲಾಬಾಯಿ ಎದುರಿಗೆ ಬಂದು ನಿಂತು, ತುಟಿ ಕಾಣುವಂತೆ ನಿಧಾನವಾಗಿ ಹೇಳಿದಳು. "ಎಲ್ಲರಿಗೂ ಗೊತ್ತದರಿ. ನಿಮ್ಮ ಮನಸ್ಸಿಗಿ ಹತ್ತಬಾರದಂತ ಗಾಡಿ ತರ್ತಾರ. ಆಮ್ಯಾಕ ಮಾಣಿಕನ ಕಡೆ ಒಯ್ದು ತೋರಸ್ತಾರ."

ಮಾಣಿಕ ಬಸ್ ಸ್ಟ್ಯಾಂಡಿನ ಹತ್ತಿರ ಹೊಸದಾಗಿ ಶೆಡ್ಡು ಹಾಕಿದವನು. ಬಂಡೆಪ್ಪ ಬಾನೆಟ್ ಇಳಿಸಿದ. "ಒಯ್ಯಿ ತಮ್ಮಾ" ಎಂದ. ಇನ್ನೊಮ್ಮೆ ಬಿಚ್ಚುತ್ತೇನೆ ಎನ್ನಲಿಲ್ಲ. ಬಿಚ್ಚಿದರೂ, ಸರಿಯಾಯಿತೆಂದು ಅವನಿಗೆ ಯಾರು ಹೇಳಬೇಕು? ಹೇಳಿದವರನ್ನು ಇನ್ನು ಹೇಗೆ ನಂಬಬೇಕು?

ಗಾಡಿ ಯಾವ ಕಡೆ ತಿರುಗಿತೆಂದು ಮೊದಲಾಗಿದ್ದರೆ ಬೆನ್ನು ಮಾಡಿ ಕೂತೇ ಹೇಳುತ್ತಿದ್ದ. ಈಗ ಕತ್ತು ಹೊರಳಿಸಿ ನೋಡಿದ. ಬಸ್ ಸ್ಟ್ಯಾಂಡಿನ ಕಡೆಗೇ ಹೋಯಿತು.

ಸುಗಲಾಬಾಯಿ ಗಂಟು ಬಿಚ್ಚಿ ರೊಟ್ಟಿ ಮುರಿದು ಅವನ ಮುಂದಿಟ್ಟಳು. ಅವಳ ಕೈಯ ಬಳೆಗಳು ಒಂದಕ್ಕೊಂದು ತಾಗುವುದನ್ನು ಬಂಡೆಪ್ಪ ನೋಡುತ್ತ ಕೂತ.