ಮರಳಿನಲ್ಲಿ ಮನೆ ಹುಡುಕಲು ಹೇಳಿದವನು ನಾನು

"ಎಲ್ಲಿ ಮಾರಾಯ, ನೀನು ಹೇಳಿದ ಮನೆ? ತೋರಿಸು!"

ಒಂಟೆ ಕಾಯುವವರ ಡೇರೆಯಲ್ಲಿ ಮಲಗಿದ್ದ ತಮ್ಮ ದಿನೇಶ ನನ್ನನ್ನು ಕಂಡೊಡನೆ ಕೂಗಿದ. ಅವನ ತುಟಿ ಒಡೆದು ರಕ್ತ ಬಂದಿತ್ತು.

ಹಫ್ರ್ ಅಲ್ ಬಾತಿನ್ ಪಟ್ಟಣದ ಆಚೆ ಮರುಭೂಮಿಯ ಡೇರೆಗಳಿಗೆ ಮೇವು ಕೊಡಲು ಹೋದಾಗ ಅವನ ಪಿಕಪ್ ಮರಳಿನಲ್ಲಿ ಹೂತುಹೋಗಿತ್ತು. ಅವನು ಈ ಅರಬ್ ದೇಶಕ್ಕೆ ಹೊಸಬ. "ಎಂತ ಮಾಡ್ಲಿ ಅಣ್ಣ?" ಎಂದು ಫೋನಿನಲ್ಲಿ ಕೇಳಿದ. ನಾನು ಅಂಗಡಿಯಲ್ಲಿ ತರಕಾರಿ ಇಳಿಸುತ್ತಿದ್ದೆ. "ಇಳಿದು ನೆಟ್ಟಗೆ ನಡಿ, ಯಾರದಾದ್ರೂ ಮನೆ ಸಿಗ್ತದೆ" ಎಂದು ಸಿಡುಕಿ ಫೋನ್ ಇಟ್ಟೆ. ನನ್ನ ನಾಲಿಗೆಗೆ ಬೆಂಕಿ ಬೀಳಲಿ! ನಮ್ಮ ಉಡುಪಿ ಕಡೆ ಗಾಡಿ ಕೆಟ್ಟರೆ ಹಾಗೆಯೇ ಮಾಡುವುದು. ಅಲ್ಲಿ ತಿರುವಿಗೊಂದು ಮನೆ, ಮನೆಗೊಂದು ಬಾವಿ.

ಮರಳಿನಲ್ಲಿ ಗಾಡಿ ಬಿಟ್ಟು ಹೋಗಬಾರದು, ಅದರ ನೆರಳಿನಲ್ಲೇ ಕೂತರೆ ಹುಡುಕುವವರ ಕಣ್ಣಿಗೆ ಬೀಳುತ್ತೇವೆ ಎಂದು ವರ್ಷಗಟ್ಟಲೆ ಇಲ್ಲಿರುವ ನನಗೆ ಗೊತ್ತಿರಲಿಲ್ಲವೇ? ಅಷ್ಟು ಹೇಳುವ ತಾಳ್ಮೆ ಇರಲಿಲ್ಲ. ಮನೆ ಹತ್ತಿರವೇ ಇದೆಯೆಂದು ನಂಬಿ ಅವನು ನೀರಿನ ಕ್ಯಾನನ್ನೂ ಗಾಡಿಯಲ್ಲೇ ಬಿಟ್ಟು ನಡೆದಿದ್ದ. ತಪ್ಪಿಸಿಕೊಂಡ ಒಂಟೆಯನ್ನು ಹುಡುಕುತ್ತಿದ್ದ ಸುಡಾನಿನವನೊಬ್ಬ ಬಿದ್ದಿದ್ದ ಅವನನ್ನು ಕಂಡು ಡೇರೆಗೆ ಹೊತ್ತುಕೊಂಡು ಬಂದ. ಆ ಒಂಟೆ ತಪ್ಪಿಸಿಕೊಳ್ಳದಿದ್ದರೆ ನಾನು ಅಮ್ಮನಿಗೆ ಏನು ಹೇಳುತ್ತಿದ್ದೆ?

ದಿನೇಶ ಈಗ ಹುಷಾರಾಗಿದ್ದಾನೆ. ನಮ್ಮ ರೂಮಿಗೆ ಬರುವ ಹೊಸ ಡ್ರೈವರುಗಳು ಮರುಭೂಮಿಯ ದಾರಿ ವಿಚಾರಿಸಿದರೆ, "ಅಣ್ಣನ ಹತ್ರ ಮಾತ್ರ ಕೇಳ್ಬೇಡಿ" ಎಂದು ನನ್ನ ಎದುರೇ ನಗುತ್ತಾನೆ. ಮೈ ಉರಿಯುತ್ತದೆ. ಆದರೂ ಅವನು ಹೇಳುವುದು ಸರಿ.