ಹನ್ನೆರಡು ಕುಡಿ, ಒಂದು ದಿನದ ಪಾಕ

ಗೆಡ್ಡೆಯ ತಳಿಗಳನ್ನು ಕಡುಶೀತದಲ್ಲಿ ಕಾಪಿಡುವ ಲಿಮಾ ನಗರದ ಪ್ರಯೋಗಾಲಯದಲ್ಲಿ ನಿಕನೋರಾಳ ಕೈಚಳಕ ಎಲ್ಲರಿಗೂ ಗೊತ್ತು. ಆಲೂಗೆಡ್ಡೆ ಸಸಿಯ ಎಳ್ಳುಕಾಳಿನಷ್ಟು ಕುಡಿಯನ್ನು ಕತ್ತರಿಸಿ, ಮೊದಲ ದಿನ ತೆಳು ಸಕ್ಕರೆ ಪಾಕಕ್ಕೆ, ಮರುದಿನ ಗಟ್ಟಿ ಪಾಕಕ್ಕೆ ಹಾಕುವುದು ಅವಳ ಕೆಲಸ. ಸಕ್ಕರೆ ಕುಡಿಯೊಳಗಿನ ನೀರನ್ನು ಹೊರಗೆಳೆಯುತ್ತದೆ. ಆ ನೀರು ಉಳಿದರೆ ಕಡುಶೀತದಲ್ಲಿ ಮಂಜಿನ ಸೂಜಿಯಾಗಿ ಜೀವಕೋಶವನ್ನೇ ಸೀಳಿಬಿಡುತ್ತದೆ. ಪಾಕ ಹಿಡಿದ ಕುಡಿಯಾದರೋ ನೂರು ವರ್ಷವಾದರೂ ಮಲಗಿದ್ದು ಏಳಬಲ್ಲದು. ಬೆಟ್ಟದ ಮೇಲಿನ ಅವಳ ಊರಿನಲ್ಲಿ ಗೆಡ್ಡೆಯನ್ನು ಹಿಮಕ್ಕೊಡ್ಡಿ, ತುಳಿದು, ಒಣಗಿಸಿ ತಿನ್ನುತ್ತಾರೆ. ಅದು ಮತ್ತೆ ಮೊಳೆತದ್ದನ್ನು ಯಾರೂ ಕಂಡಿಲ್ಲ.

ಇಪ್ಪತ್ತು ವರ್ಷದ ಹಿಂದೆ ಒಂದೇ ಒಂದು ಸಲ ಅವಳು ತಪ್ಪಿದಳು. ಅವ್ವನ ಹೊಲದ ನೇರಳೆ ಗೆಡ್ಡೆಯ ಹನ್ನೆರಡು ಕುಡಿ ತೆಳು ಪಾಕದಲ್ಲಿದ್ದಾಗಲೇ ಅವ್ವ ಸತ್ತ ಸುದ್ದಿ ಬಂತು. ಮಣ್ಣಿಗೆ ಹೋಗುವ ಬಸ್ಸು ತಪ್ಪಬಾರದು, ಅವಳೇನು ಕಲ್ಲೇ? ಗಟ್ಟಿ ಪಾಕವನ್ನು ಬಿಟ್ಟು, ಕುಡಿಗಳನ್ನು ನೇರ ಕಡುಶೀತಕ್ಕಿಳಿಸಿ, ದಾಖಲೆ ಪುಸ್ತಕದಲ್ಲಿ ಎಲ್ಲ ಸರಿಯಾಗಿದೆಯೆಂದು ಬರೆದಳು. ಯಾರಿಗೂ ಹೇಳಲಿಲ್ಲ. ಮಡಿಲಲ್ಲಿ ಕೆಂಡ ಕಟ್ಟಿಕೊಂಡಂತೆ ಬದುಕಿದಳು.

ಹೋದ ವರ್ಷ ಅಂಗಮಾರಿ ರೋಗ ಬಡಿದು ಊರಿನಲ್ಲಿ ನೇರಳೆ ಗೆಡ್ಡೆ ಒಂದೂ ಉಳಿಯಲಿಲ್ಲ. ತಂಗಿ ತೆಯೋಫಿಲಾ ಅವ್ವನ ಶಾಲು ಹೊದ್ದು, ಬಿತ್ತನೆಗೆ ಬೀಜ ಕೇಳಿಕೊಂಡು ಲಿಮಾಕ್ಕೆ ಬಂದಳು. ಹನ್ನೆರಡು ಕುಡಿಗಳನ್ನೂ ಶೀತದಿಂದ ತೆಗೆದು ತಟ್ಟೆಯಲ್ಲಿಟ್ಟರು. ಜೀವವಿದ್ದರೆ ಹಸಿರಾಗಬೇಕಿತ್ತು; ಹತ್ತು ದಿನ ಕಳೆದರೂ ಎಲ್ಲವೂ ಬೆಳ್ಳಗೇ ಇದ್ದವು.

ಹನ್ನೊಂದನೆಯ ದಿನ ಮಧ್ಯಾಹ್ನ ತೆಯೋಫಿಲಾ, ಊರಿನಲ್ಲಿ ಬೆಚ್ಚಿಬಿದ್ದ ಮಗುವಿನ ಜೀವವನ್ನು ಕರೆಯುವ ಹಾಗೆ, ತಟ್ಟೆಯ ಮುಂದೆ ಶಾಲು ಬೀಸತೊಡಗಿದಳು.

"ಬಾರವ್ವ, ಬಾ. ಅಲ್ಲಿರಬ್ಯಾಡ, ಮನಿಗೆ ಬಾ."

"ಸುಮ್ನಿರs," ಎಂದಳು ನಿಕನೋರಾ. "ಅವು ಸತ್ತಾವ. ನಾನs ಕೊಂದೀನಿ. ಅವಕ್ಕ ಸಕ್ಕರಿ ಸಾಲಲಿಲ್ಲ."

ಬೀಸುತ್ತಿದ್ದ ಶಾಲು ನಿಂತಿತು.

"ಸಕ್ಕರೀನs? ಅಕ್ಕಾ, ವರ್ಷಾ ಬಿತ್ತೂ ಹೊತ್ತಿಗೆ ಅವ್ವ ಕನಸಿನ್ಯಾಗ ಬರ್ತಾಳ. 'ಸಿಹಿ ಸಾಲದು, ಚಳಿ ಆಗತೈತಿ' ಅಂತಾಳ. ಮುದುಕಿಗೆ ಸತ್ತಮ್ಯಾಲೂ ಬಾಯಿಚಪಲ ಬಿಟ್ಟಿಲ್ಲ ಅಂತ ನಾನು ಗೋರಿ ಮ್ಯಾಲ ಸಕ್ಕರಿ ಇಟ್ಟು ಬರ್ತಿದ್ನಿ."

ಸಕ್ಕರೆ ಸಾಲದ ಆ ಗುಟ್ಟು ಈವರೆಗೆ ನಿಕನೋರಾಳೊಬ್ಬಳಿಗೇ ಗೊತ್ತಿದ್ದದ್ದು. ತಂಗಿಯ ಶಾಲಿನಲ್ಲಿ ಮುಖ ಹುದುಗಿಸಿ ಅತ್ತಳು.

ಮರುದಿನ ಒಂದು ಕುಡಿ ಹಸಿರಾಗಿತ್ತು. ಅದೊಂದರಿಂದಲೇ ಸಸಿ ಮಾಡಿ, ಮುಂದಿನ ಬಿತ್ತನೆಗೆ ತೆಯೋಫಿಲಾ ಒಂದು ಬುಟ್ಟಿ ಗೆಡ್ಡೆ ಒಯ್ದಳು. ಆಮೇಲೆ ಅವ್ವ ಅವಳ ಕನಸಿಗೆ ಬರಲಿಲ್ಲ.

ಈಗ ನಿಕನೋರಾಳ ಕನಸಿಗೆ ಬರುತ್ತಾಳೆ. ಏನೂ ಕೇಳುವುದಿಲ್ಲ. ಮಂಜುಗಟ್ಟಿದ ಅಂಗೈಯನ್ನು ಬಿಚ್ಚಿ ತೋರಿಸುತ್ತಾಳೆ. ಅದರಲ್ಲಿ ಹನ್ನೊಂದು ಬಿಳಿ ಕುಡಿಗಳಿರುತ್ತವೆ.