ಹುಣಸೆಹಣ್ಣು ಹಾಕಿ ಉಜ್ಜಿದ ಮುಚ್ಚಳ

ಹಳೇ ಕಾರುಗಳ ಬಿಡಿಭಾಗ ಅಸಲಿಯೋ ನಕಲಿಯೋ ಎಂದು ನೋಡಿ ಹೇಳುವುದು ನನ್ನ ಕೆಲಸ. ಒಮ್ಮೆಯೂ ಬಳಸದ ಅಸಲಿ ಸಾಮಾನಿಗೆ ಕಾರ್ಖಾನೆಯವರೇ ಅದರ ಮೈಗೆ ಹಚ್ಚಿದ ಹಳೇ ಗ್ರೀಸೇ ಸಾಕ್ಷಿ. ಅದನ್ನು ಯಾರೂ ಒರೆಸಿರಬಾರದು.

ಹುಳಿಯಾರಿನ ಗಂಗಮ್ಮನವರ ಮಾವ ಹಿಂದೆ ಮೋಟಾರು ಸಾಮಾನಿನ ಅಂಗಡಿ ಇಟ್ಟಿದ್ದರು. ಈಗ ಅಲ್ಲಿ ಕೊಬ್ಬರಿ ಚೀಲಗಳಿವೆ. ಅವುಗಳ ಹಿಂದೆ ಎರಡು ಹಿತ್ತಾಳೆ ರೇಡಿಯೇಟರ್ ಮುಚ್ಚಳ ಸಿಕ್ಕಿವೆ ಎಂದು ಗಂಗಮ್ಮ ಫೋನ್ ಮಾಡಿದ್ದರು. ನಾನು ಹೋದಾಗ ಒಂದು ಮುಚ್ಚಳ ಹಬ್ಬದ ದಿನದ ದೀಪದ ಕಂಬದಂತೆ ಹೊಳೆಯುತ್ತಿತ್ತು.

“ನೀವು ಬತ್ತೀರಿ ಅಂತ ಹುಣಸೆಹಣ್ಣು ಹಾಕಿ ಉಜ್ಜಿದೆ ಕಣ್ರೀ,” ಎಂದರು.

ಅದು ಬಳಸಿ ಉಜ್ಜಿದ್ದೋ, ಬಳಸದೇ ಉಜ್ಜಿದ್ದೋ, ಇನ್ನು ಬ್ರಹ್ಮನೂ ಹೇಳಲಾರ.

“ಇನ್ನೊಂದು ಎಲ್ಲಮ್ಮಾ?”

ಸಂಕೋಚಪಡುತ್ತಲೇ ಒಳಗಿನಿಂದ ತಂದರು. “ಹುಣಸೆಹಣ್ಣು ಮುಗಿದೋಯ್ತು. ಇದು ಹಂಗೇ ಐತೆ. ಬೇಜಾರ್ ಮಾಡ್ಕಬೇಡಿ.”

ಕಾರ್ಖಾನೆಯಲ್ಲಿ ಸುತ್ತಿದ ಮೇಣದ ಕಾಗದ, ಗಟ್ಟಿಯಾದ ಗ್ರೀಸು ಎರಡೂ ಇದ್ದವು. “ಇದು ಅಸಲಿ, ಒಮ್ಮೆಯೂ ಬಳಸಿಲ್ಲ, ಇದನ್ನೇ ಕೊಡಿ,” ಎಂದು ಕಾರಣವನ್ನೂ ವಿವರಿಸಿದೆ. ಅವರು ತಲೆಯಾಡಿಸಿದರು, ಆದರೆ ನಂಬಲಿಲ್ಲ.

ಹೊರಡುವಾಗ ಅವರು ಪಕ್ಕದ ಮನೆಯಾಕೆಗೆ ಹೇಳುತ್ತಿದ್ದುದು ಕೇಳಿಸಿತು: “ಪಾಪ, ಒಳ್ಳೇರು ಕಣೇ. ಚೆನ್ನಾಗಿರೋದನ್ನ ನಮಗೇ ಬುಟ್ಟು ಕೊಳಕಾಗಿರೋದನ್ನ ತಗೊಂಡೋಯ್ತಾವ್ರೆ.”

ಈ ಕಸುಬಿನಲ್ಲಿ ನನ್ನನ್ನು ಒಳ್ಳೆಯವನೆಂದವರು ಕಡಿಮೆ. ಮತ್ತೆ ತಿದ್ದಲು ಹೋಗಲಿಲ್ಲ.